ಗೌಡರ ತಲೆಯ ಮೇಲೆ ಕೂತ ಹಂಸ

ಆ ರೋಲನ್ನು ಕ್ಯಾಮರಾಕ್ಕೆ ಹಾಕಿದವಳು ನಾನು. ಈ ಒಂದು ಮಾತನ್ನು ನನ್ನ ತಮ್ಮನಿಗೆ ಅವನು ಬದುಕಿರುವ ತನಕ ಹೇಳಲಿಲ್ಲ. ಹೇಳಲು ಅವಕಾಶ ಸಿಗಲಿಲ್ಲ ಎಂದು ಯಾರೂ ನನ್ನ ಪರವಾಗಿ ಮಾತಾಡಬೇಕಾಗಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ರೊಟ್ಟಿ ತಿಂದು ಬದುಕಿದವರು ನಾವು. ಅವಕಾಶ ದಿನಾ ಬೆಳಗಾದರೆ ಚಹಾ ಕುಡಿಯುವ ಹೊತ್ತಿಗೆ ಎದುರಿಗೆ ಬಂದು ಕೂಡುತ್ತಿತ್ತು. ನಾನು ಅದಕ್ಕೂ ಒಂದು ಕಪ್ ಚಹಾ ಕೊಟ್ಟು ಸಾಗಹಾಕುತ್ತಿದ್ದೆ.

ಅವನ ಹೆಸರು ಬರೆಯುವುದಿಲ್ಲ. ಬರೆದರೆ ನರೋಣಾ ದಾರಿಯ ಹಳ್ಳಿಗಳಿಂದ ಜನ ತೆಂಗಿನಕಾಯಿ, ಊದಿನಕಡ್ಡಿ ಹಿಡಿದುಕೊಂಡು ಮನೆ ಹುಡುಕುತ್ತ ಬಂದಾರು. ಜೀವಂತ ಇದ್ದಾಗ ಅವನನ್ನು ಅರೆಹುಚ್ಚ ಎಂದವರೇ ಈಗ ಶರಣ ಎನ್ನುತ್ತಾರೆ. ನಮ್ಮ ಆಳಂದದ ಜನಕ್ಕೆ ನಡುವಿನ ಜಾಗವೇ ಗೊತ್ತಿಲ್ಲ. ಒಂದೋ ಹುಚ್ಚ, ಇಲ್ಲಾ ಶರಣ. ಅವನು ಎರಡೂ ಆಗಿರಲಿಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಫೋಟೊ ಸ್ಟುಡಿಯೊ ಇಟ್ಟುಕೊಂಡಿದ್ದ, ಅಷ್ಟೇ. ಗಂಡ ತೀರಿದ ಮೇಲೆ ನಾನು ತವರಿಗೆ ಬಂದು ಆ ಸ್ಟುಡಿಯೊದ ಹಿಂದಿನ ಖೋಲಿಯಲ್ಲಿ ಅವನ ಜೊತೆ ಉಳಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಅಡುಗೆ ಮಾಡುವುದು, ಗಿರಾಕಿಗೆ ಬಾಚಣಿಕೆ ಕೊಡುವುದು, ಡಾರ್ಕ್‌ರೂಮಿಗೆ ನೀರು ತುಂಬುವುದು, ತಮ್ಮನನ್ನು ಬೈಯುವುದು, ಇವು ನನ್ನ ಕೆಲಸ. ಕೊನೆಯದನ್ನು ಎಲ್ಲಕ್ಕಿಂತ ಚೆನ್ನಾಗಿ ಮಾಡುತ್ತಿದ್ದೆ.

ಬೈಯದೆ ಏನು ಮಾಡಬೇಕಿತ್ತು? ಹುಟ್ಟಿನಿಂದಲೇ ಅವನಿಗೊಂದು ಚಟ. ಏನು ಕೊಟ್ಟರೂ ಮುಖಕ್ಕೆ ಹಚ್ಚಿಕೊಂಡು ನೋಡುತ್ತಿದ್ದ. ರೊಟ್ಟಿ ಕೊಟ್ಟರೆ ಅದರ ಮೇಲಿನ ಸುಟ್ಟ ಚುಕ್ಕೆ ನೋಡುತ್ತ ಕೂಡುತ್ತಿದ್ದ, ಆ ಕಡೆ ಪಲ್ಯ ಆರಿಹೋಗುತ್ತಿತ್ತು. ಕಣ್ಣು ಮಂದ ಇರಬೇಕೆಂದು ಅಪ್ಪ ಕಲಬುರಗಿಯ ಡಾಕ್ಟರಿಗೆ ತೋರಿಸಿದ. ಕಣ್ಣು ನೆಟ್ಟಗಿತ್ತು. ಬುದ್ಧಿಯದ್ದೇ ತಕರಾರು ಎಂದು ನಾವೆಲ್ಲ ತೀರ್ಮಾನ ಮಾಡಿದೆವು.

ಹಿರೋಳ್ಳಿ ಕಡೆ ಒಂದು ಕನ್ಯೆ ನೋಡಲು ಕರೆದುಕೊಂಡು ಹೋಗಿದ್ದೆವು. ಹುಡುಗಿ ಚಹಾ ತಂದಳು, ಕೊಟ್ಟಳು, ಒಳಗೆ ಹೋದಳು. ಹೊರಗೆ ಬಂದ ಮೇಲೆ ಕೇಳಿದೆ.

"ಹುಡುಗಿ ಹ್ಯಾಂಗ ಅದಾಳೋ?"

"ಎಡಗಿವಿ ತೂತು ಒಮ್ಮಿ ಹರದದ ಅಕ್ಕಾ. ಹೊಲದು ಬಾಜೂಕ ಮತ್ತೊಂದು ಹಾಕ್ಯಾರ. ಭಾಳ ನೋವಾಗಿರಬೇಕು, ಪಾಪ."

"ಅದನ್ನಲ್ಲೋ ಮೂಳಾ! ಬಣ್ಣ ಹ್ಯಾಂಗ? ಎತ್ತರ ಹ್ಯಾಂಗ?"

"ಅದು ನೋಡಲಿಲ್ಲ."

ಈ ಮಾತು ಹುಡುಗಿಯ ಸೋದರಮಾವನ ಕಿವಿಗೆ ಬಿತ್ತು. ಸಂಬಂಧ ಅಲ್ಲಿಗೇ ನಿಂತಿತು. ಆಮೇಲೆ ಯಾವ ಕನ್ಯೆಯ ಮನೆಯವರೂ ಅವನನ್ನು ಹೊಸ್ತಿಲೊಳಗೆ ಬಿಟ್ಟುಕೊಳ್ಳಲಿಲ್ಲ. ಅವನಿಗೂ ಅದರಿಂದ ಏನೂ ಕಡಿಮೆಯಾದಂತೆ ಕಾಣಲಿಲ್ಲ.

ಮದುವೆಯ ಫೋಟೊಗಳಲ್ಲೂ ಇದೇ ಹಾಡು. ಭೂಸನೂರಿನ ಒಬ್ಬ ಕಬ್ಬಿನ ಸಾಹುಕಾರರು ಮಗಳ ಮದುವೆಗೆ ಕರೆದಿದ್ದರು. ಆಲ್ಬಮ್ ಒಯ್ದುಕೊಟ್ಟಾಗ ಒಂದೊಂದೇ ಹಾಳೆ ತಿರುವಿದರು. ಮದುಮಗಳ ಕಾಲುಂಗುರ, ಅಕ್ಕಿ ಅಂಟಿದ ಅಂಗೈ, ಯಾರದೋ ಕೊರಳಿನ ಬೆವರು.

"ನಮ್ಮ ಬೀಗರು ಎಲ್ಲಿ ಅದಾರೋ ಇದರಾಗ?"

"ಅದೇ ನೋಡ್ರಿ, ಅವರ ಹೆಬ್ಬೆರಳು."

ಸಾಹುಕಾರರು ಆಲ್ಬಮ್ ಮುಚ್ಚಿ ಅವನ ತೊಡೆಯ ಮೇಲೆ ಇಟ್ಟರು. ಅವರನ್ನು ತಪ್ಪು ಎನ್ನಲಾರೆ. ಬೀಗರನ್ನು ಹೆಬ್ಬೆರಳಿನಲ್ಲಿ ಗುರುತು ಹಿಡಿಯುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಅವನನ್ನು ಬಿಟ್ಟರೆ ಯಾರಿಗೂ ಇರುವುದಿಲ್ಲ.

ಇಂಥವನಿಗೆ ಹೊಳೆಯ ಹಕ್ಕಿಗಳ ಹುಚ್ಚು ಹಿಡಿಯಿತು. ಅಫಜಲಪುರದ ಕಡೆ ಯಾವುದೋ ಬಸುರಿಯ ಕುಬಸದ ಕಾರ್ಯಕ್ಕೆ ಫೋಟೊ ತೆಗೆಯಲು ಹೋಗಿದ್ದ. ಬೇಸಿಗೆ. ಭೀಮಾ ಹೊಳೆ ಬತ್ತಿ, ನಡುವೆ ಉಸುಕಿನ ದಿಬ್ಬ ಎದ್ದಿತ್ತು. ದಿಬ್ಬದ ತುಂಬ ಬಿಳಿ ಹಕ್ಕಿ. ಕಪ್ಪು ನೆತ್ತಿ, ಹಳದಿ ಕೊಕ್ಕು, ಕೆಂಪು ಕಾಲು, ಕತ್ತರಿಯಂಥ ಬಾಲ. ಹೆಂಗಸರು ಊಟಕ್ಕೆ ಕಾಯುತ್ತ ಕೂತಿದ್ದರೆ ಇವನು ಉಸುಕಿನಲ್ಲಿ ಹೊಟ್ಟೆಯ ಮೇಲೆ ತೆವಳುತ್ತಿದ್ದನಂತೆ. ಅಂದಿನಿಂದ ಬೇಸಿಗೆ ಬಂತೆಂದರೆ ಅಫಜಲಪುರದ ಬಸ್ಸು ಹತ್ತುವುದು. ಅಲ್ಲಿ ಹಕ್ಕಿ ಕಾಣದಿದ್ದರೆ ಹೊಳೆಯ ದಂಡೆ ಹಿಡಿದು ಜೇವರ್ಗಿಯ ತನಕ ಅಲೆಯುವುದು.

ಹೋಗಿ ಏನು ತರುತ್ತಿದ್ದ? ಹಕ್ಕಿಯ ಫೋಟೊ ಅಂದರೆ ಜನ ಹಕ್ಕಿ ಇರುತ್ತದೆ ಎಂದುಕೊಳ್ಳುತ್ತಾರೆ. ಇವನದರಲ್ಲಿ ಹಕ್ಕಿ ಇರುತ್ತಿರಲಿಲ್ಲ. ಒಂದರಲ್ಲಿ ಬರೀ ಕೊಕ್ಕಿನ ಬುಡ. ಒಂದರಲ್ಲಿ ಕಾಲ್ಬೆರಳುಗಳ ನಡುವಿನ ತೆಳು ಚರ್ಮ. ಒಂದರಲ್ಲಿ ಕಪ್ಪು ನೆತ್ತಿಯೊಳಗೆ ಅಡಗಿದ ಕಪ್ಪು ಕಣ್ಣು, ಅದರೊಳಗೆ ಸಾಸಿವೆಯಷ್ಟು ಬಿಸಿಲು. ಸೊಲ್ಲಾಪುರದಿಂದ ಹಳೆಯ ಉದ್ದನೆಯ ಲೆನ್ಸೊಂದನ್ನು ತಂದಿದ್ದ. ಅದೂ ಸಾಲದೆಂದು, ಕೆಟ್ಟ ಟಾರ್ಚಿನ ಕೊಳವೆ ಕತ್ತರಿಸಿ ಒಳಗೆ ಕಪ್ಪು ಬಳಿದು, ಲೆನ್ಸಿಗೂ ಕ್ಯಾಮರಾಕ್ಕೂ ನಡುವೆ ಸಿಕ್ಕಿಸಿದ್ದ. ಹಾಗೆ ಮಾಡಿದರೆ ಇನ್ನೂ ಹತ್ತಿರ ಕಾಣುತ್ತದಂತೆ.

"ಪೂರಾ ಹಕ್ಕಿ ತೆಗಿಯೋ," ಎಂದೆ.

"ಪೂರಾ ನೋಡಿದ್ರ ಎಲ್ಲಾ ಒಂದೇ ಅಕ್ಕಾ. ಹತ್ರ ಹೋದ್ರ ಒಬ್ಬೊಬ್ಬಾಕಿ ಬ್ಯಾರೆ."

ಒಬ್ಬಾಕಿ! ಹಕ್ಕಿಗೆ!

ಹತ್ತಿರ ಹೋಗುವ ಸಲುವಾಗಿ ಅವನು ಉಸುಕಿನಲ್ಲಿ ತನ್ನಷ್ಟು ಉದ್ದದ ಕುಣಿ ತೋಡಿ ಅದರಲ್ಲಿ ಮಲಗಿ, ಮೇಲೆ ತೊಯ್ದ ಗೋಣಿಚೀಲ ಹೊದ್ದು, ಕ್ಯಾಮರಾದ ಮೂತಿಯಷ್ಟೇ ಹೊರಗಿಟ್ಟುಕೊಂಡು ಇರುತ್ತಿದ್ದ. ಜೇವರ್ಗಿ ಕಡೆ ಕಲ್ಲಂಗಡಿ ಬಳ್ಳಿಗೆ ನೀರು ಹಾಕಲು ಬಂದ ಹೆಂಗಸೊಬ್ಬಳು ಗೋಣಿಯ ಕೆಳಗೆ ಕಾಲು ಕಂಡು, ಯಾರೋ ಕೊಂದು ಹೂತಿದ್ದಾರೆಂದು ಊರನ್ನೇ ಕೂಗಿ ಕರೆದಳು. ಜನ ಬಡಿಗೆ ಹಿಡಿದುಕೊಂಡು ಬಂದರು. ಗೋಣಿ ಎತ್ತಿದರೆ ಹೆಣ ತುಟಿಯ ಮೇಲೆ ಬೆರಳಿಟ್ಟು, "ಜರಾ ಸುಮ್ಮನಿರ್ರಿ, ತತ್ತಿ ಬಿಟ್ಟು ಎದ್ದಾಳು" ಅಂದಿತಂತೆ. ಎರಡು ಏಟು ಹಾಕಿ ಬಿಟ್ಟರು. ಕಡಿಮೆಯಾಯಿತು ಎಂದೇ ನಾನು ಹೇಳಿದೆ.

ಒಮ್ಮೆ ಪುಣೆಯ ಕಡೆಯವರು ಜೀಪಿನಲ್ಲಿ ಹೊಳೆಗೆ ಹಕ್ಕಿ ನೋಡಲು ಬಂದು ಇವನಿಗೆ ಗಂಟುಬಿದ್ದರು. ಇವು ಕಡಲಹಕ್ಕಿಗಳ ಬಳಗ, ಹೊಳೆ ಹಿಡಿದು ಒಳನಾಡಿಗೆ ಬಂದು ನೆಲೆಸಿದವು ಎಂದು ಹೇಳಿದರಂತೆ. ಇವನ ಪ್ರಿಂಟುಗಳನ್ನು ನೋಡಿ, ಹಕ್ಕಿ ಎಲ್ಲಿದೆ ಎಂದು ಕೇಳಿ, ನಗುತ್ತ ಹೊರಟುಹೋದರು. ಇವನಿಗೆ ನಕ್ಕದ್ದು ತಿಳಿಯಲಿಲ್ಲ. ಕಡಲು ಎಂಬ ಮಾತೊಂದೇ ತಲೆಗೆ ಹೋಯಿತು. ಬಂದವನೇ ಚಹಾದ ಅಂಗಡಿಯಲ್ಲಿ, "ನಾ ತೆಗಿಯೋದು ಸಮುದ್ರದ ಹಕ್ಕಿ" ಎಂದುಬಿಟ್ಟ. ಆಳಂದದಲ್ಲಿ ಇಂಥ ಮಾತು ಆಡಬಹುದೇ? ಕುಡಿಯುವ ನೀರಿಗೇ ಟ್ಯಾಂಕರಿನ ದಾರಿ ಕಾಯುವ ಊರು. ಅಂದಿನಿಂದ ಅವನು ಸಮುದ್ರಪ್ಪ ಆದ.

"ಏನ್ರೀ ಸಮುದ್ರಪ್ಪಾ, ತೆರಿ ಎಲ್ಲಿಗಿ ಬಂತ್ರೀ? ಕಡಗಂಚಿ ದಾಟಿತೇನು?"

"ಬ್ಯಾಸಗ್ಯಾಗ ಬರಂಗಿಲ್ರೀ ಮಾವಾ."

ಅವರು ನಗಲಿ ಎಂದು ಹೇಳುತ್ತಿದ್ದನೋ, ನಿಜವಾಗಿ ಉತ್ತರ ಕೊಡುತ್ತಿದ್ದನೋ, ನನಗೆ ಕೊನೆಯ ತನಕ ತಿಳಿಯಲಿಲ್ಲ. ನಾನೂ ನಗುತ್ತಿದ್ದೆ. ಬಾಗಿಲಲ್ಲಿ ನಿಂತು, ಅವರಿಗಿಂತ ಜೋರಾಗಿ.

ಅವನಿಗೆ ಬೇಕಾಗಿದ್ದದ್ದು ಒಂದು ಫೋಟೊ. ವೈಶಾಖದ ಬಿಸಿಲಿಗೆ ಉಸುಕು ಹಂಚಿನಂತೆ ಕಾದಾಗ ಆ ಹಕ್ಕಿ ತತ್ತಿ ಬಿಟ್ಟು ಹಾರಿ, ನೀರಿಗೆ ಹೊಟ್ಟೆ ತಾಗಿಸಿ, ಗರಿ ತೋಯಿಸಿಕೊಂಡು ಬಂದು ಮತ್ತೆ ತತ್ತಿಯ ಮೇಲೆ ಕೂಡುತ್ತದಂತೆ. ತತ್ತಿ ತಂಪಾಗಲಿ ಎಂದು. ಕೂಡುವ ಮುಂಚೆ ಒಂದು ಗಳಿಗೆ ನಿಲ್ಲುತ್ತದೆ. ಆಗ ಹೊಟ್ಟೆಯ ಗರಿಯ ತುದಿಯಲ್ಲಿ ಹನಿ ಜೋತಾಡುತ್ತದೆ, ಕೆಳಗೆ ತತ್ತಿ ಇರುತ್ತದೆ. ಆ ಹನಿ ಬೇಕಾಗಿತ್ತು ಅವನಿಗೆ. ಎಷ್ಟೋ ಬೇಸಿಗೆ ಅದರ ಹಿಂದೆ ಹೋದವು. ಹನಿ ಕಂಡಾಗ ರೋಲು ಮುಗಿದಿರುತ್ತಿತ್ತು. ರೋಲು ಇದ್ದಾಗ ಹಕ್ಕಿ ಬೆನ್ನು ತಿರುಗಿಸಿ ನಿಲ್ಲುತ್ತಿತ್ತು.

"ಸುಳ್ಳು," ಎಂದೆ ನಾನು. "ಹಕ್ಕಿ ನೀರು ಹೊರ್ತದಂತ! ಕೊಡ ಎಲ್ಲಿ ಇಟ್ಕೊಂಡದ, ಬಗಲಾಗೋ?"

"ನೀ ಹೊರಾಂಗಿಲ್ಲೇನು? ಬಾವಿಯಿಂದ ಬರೋತನಾ ನಿನ್ನ ಸೀರಿ ಪೂರಾ ತೋದಿರ್ತದ. ಹಂಗ."

"ನನ್ನ ಸೀರಿ ಬಿಡು. ನಿನ್ನ ಹನಿ ಒಂದು ದಿನ ತೋರಸು. ಅವತ್ತು ನಂಬತೇನಿ."

"ತೋರಸ್ತೇನಿ ಅಕ್ಕಾ."

ಮಾತು ಕೊಟ್ಟವನು ಅವನು. ಕಸಿದುಕೊಂಡವಳು ನಾನು.

ಈಗ ಸ್ಟುಡಿಯೊದ ಇನ್ನೊಂದು ಕೆಲಸ ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಗಂಡಸಾದರೆ ತಲೆಗೆ ರುಮಾಲು ಸುತ್ತಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಕಾಲು ಮಡಚಿ ಕೂಡಿಸುತ್ತಾರೆ. ಬದುಕಿದ್ದಾಗ ಒಮ್ಮೆಯೂ ಫೋಟೊ ತೆಗೆಸಿಕೊಳ್ಳದ ಹಿರಿಯರಿಗೆ ಅದೇ ಮೊದಲ ಫೋಟೊ. ಮಕ್ಕಳು, ಸೊಸೆಯರು, ಬೀಗರು ಸಾಲಾಗಿ ನಿಂತು ತೆಗೆಸಿಕೊಳ್ಳುತ್ತಾರೆ. ಸ್ಟುಡಿಯೊ ನಡೆದದ್ದೇ ಅದರಿಂದ. ಈ ಕೆಲಸದಲ್ಲಿ ಮಾತ್ರ ತಮ್ಮ ದೂರ ನಿಂತು ಎಲ್ಲರನ್ನೂ ತೆಗೆಯುತ್ತಿದ್ದ, ಏಕೆಂದರೆ ನಾನು ಹಾಗೆ ಆಣೆ ಹಾಕಿಸಿದ್ದೆ. ಅವನದೊಂದು ನಿಯಮ ಇತ್ತು: ಕೂಡಿಸಿದವರ ಹಿಂದೆ ಕರಿಯ ಕಂಬಳಿ ಕಟ್ಟಬೇಕು. ಕಪ್ಪಿನ ಮುಂದೆ ವಿಭೂತಿ ಎದ್ದು ಕಾಣುತ್ತದೆ ಎನ್ನುತ್ತಿದ್ದ.

ಕ್ಯಾಮರಾ ಒಂದೇ. ದೊಡ್ಡ ಸುರುಳಿಯಿಂದ ಫಿಲ್ಮು ಕತ್ತರಿಸಿ ಹಳೆಯ ಡಬ್ಬಿಗಳಿಗೆ ತಾನೇ ತುಂಬುತ್ತಿದ್ದ. ಡಬ್ಬಿ ಮತ್ತೆ ಮತ್ತೆ ಬೇಕಾಗುವುದರಿಂದ ಅದನ್ನು ಒಡೆಯುತ್ತಿರಲಿಲ್ಲ; ಮುಗಿದ ರೋಲನ್ನು ಹಿಂದಕ್ಕೆ ಸುತ್ತುವಾಗ ಅದರ ನಾಲಿಗೆಯಷ್ಟು ತುದಿಯನ್ನು ಹೊರಗೇ ಬಿಡುತ್ತಿದ್ದ. ಹೊಸ ರೋಲಿಗೂ ಹಾಗೇ ನಾಲಿಗೆ ಹೊರಗೆ. ಎರಡಕ್ಕೂ ಇದ್ದ ವ್ಯತ್ಯಾಸ ಒಂದೇ. ಮುಗಿದದ್ದರ ನಾಲಿಗೆಯ ಮೂಲೆಯನ್ನು ಮಡಚಿ ಇಡುತ್ತಿದ್ದ. ಈ ಗುರುತು ಗೊತ್ತಿದ್ದದ್ದು ಅವನಿಗೆ ಮತ್ತು ನನಗೆ.

ಒಂದು ಮಧ್ಯಾಹ್ನ ಅವನು ಅಫಜಲಪುರದ ಬಸ್ಸಿನಿಂದ ಇಳಿದು ಬಂದ. ತುಟಿ ಒಡೆದಿತ್ತು, ಕಣ್ಣು ಕೆಂಡ.

"ಅಕ್ಕಾ, ಸಿಕ್ಕಿತು. ಹನಿ ಸಿಕ್ಕಿತು. ಹಿಂದ ಕರೀಕಲ್ಲು, ಮುಂದ ಆಕಿ, ಆಕಿ ಹೊಟ್ಟ್ಯಾಗ ಹನಿ. ಮುಂಜಾನಿ ತೊಳದು ತೋರಸ್ತೇನಿ."

"ಹನಿ ಸಿಕ್ಕಿತಂತ! ಮನ್ಯಾಗ ಕೊಡ ಖಾಲಿ ಬಿದ್ದಾವ, ಅದರಾಗ ಹಾಕು."

ಅವನು ನಕ್ಕ. ರೋಲು ತೆಗೆದು, ಮೂಲೆ ಮಡಚಿ, ಗೋಡೆಯ ಮಾಡದಲ್ಲಿ ಹೊಸ ರೋಲಿನ ಪಕ್ಕ ಇಟ್ಟ. ಹಗಲಿನ ಸೆಖೆಗೆ ಔಷಧಿ ನೀರು ಕಾದು ಫಿಲ್ಮು ಕೆಡುತ್ತದೆಂದು ಬೇಸಿಗೆಯಲ್ಲಿ ಅವನು ನಸುಕಿನಲ್ಲೇ ರೋಲು ತೊಳೆಯುತ್ತಿದ್ದದ್ದು. ಆದರೆ ಸಂಜೆಗೆ ಜ್ವರ ಏರಿತು. ಬಿಸಿಲಿನ ಹೊಡೆತ. ನಸುಕಿನಲ್ಲಿ ಏಳಲಿಲ್ಲ. ಹೊತ್ತು ಏರುವಷ್ಟರಲ್ಲಿ ಬಾಗಿಲಿಗೆ ಜೀಪು ಬಂತು.

ನರೋಣಾ ದಾರಿಯ ಹಳ್ಳಿಯೊಂದರ ಗೌಡರು ಲಿಂಗೈಕ್ಯರಾಗಿದ್ದರು. ಲಿಂಗೈಕ್ಯ ಎನ್ನಬೇಕು, ಪದ್ಧತಿ. ಬದುಕಿದ್ದಷ್ಟು ದಿನ ಜೋಳದ ಹೊಲದಲ್ಲಿ ಕವಣೆ ಹಿಡಿದ ಆಳುಗಳನ್ನು ನಿಲ್ಲಿಸಿ, ಒಂದು ಗುಬ್ಬಿಗೂ ಒಂದು ಕಾಳು ಬಿಟ್ಟುಕೊಡದ ಮನುಷ್ಯ. ಅವರ ಹೊಲದ ಮೇಲೆ ಹಾರಬೇಕಾದರೆ ಕಾಗೆ ಸಹಿತ ಸುತ್ತುಹಾಕಿ ಹೋಗುತ್ತಿತ್ತು ಎನ್ನುತ್ತಿದ್ದರು.

"ಜಲ್ದಿ ನಡೀರಿ, ಸೂರ್ಯಾ ಇಳಿಯೋದ್ರಾಗ ಮಣ್ಣು ಆಗಬೇಕು," ಎಂದು ಜೀಪಿನವರು ಹಾರನ್ ಹೊಡೆದರು.

ತಮ್ಮ ಗೋಡೆ ಹಿಡಿದು ಎದ್ದ. "ಅಕ್ಕಾ, ರೋಲು ಹಾಕು."

ನಾನು ಮಾಡದಿಂದ ರೋಲು ತೆಗೆದುಕೊಂಡೆ. ಬಾಯಿ ಸುಮ್ಮನಿರಲಿಲ್ಲ. "ಹಕ್ಕಿ ಹಿಂದ ಹೋಗಿ ಜ್ವರ ತಂದ್ಕೋ, ನಾ ಗಂಜಿ ಕಾಸಿ ಸಾಯ್ತೇನಿ. ಹನಿ ಅಂತ ಹನಿ!" ಬಾಯಿ ಬೈಯುವಾಗ ಕೈಗೆ ಕಣ್ಣಿರುವುದಿಲ್ಲ. ನಾಲಿಗೆಯ ಮೂಲೆ ಮಡಚಿದ್ದು ನನ್ನ ಹೆಬ್ಬೆರಳಿಗೆ ತಾಗಿತು. ತಾಗಲಿಲ್ಲ ಎಂದು ಹೇಳಿಕೊಂಡರೆ ನಿದ್ದೆ ಬರುತ್ತಿತ್ತೇನೋ. ತಾಗಿತು. ಸೊಟ್ಟ ಕತ್ತರಿಸಿದ್ದಾನೆ ಎಂದುಕೊಂಡು, ಉಗುರಿನಿಂದ ಸವರಿ ನೆಟ್ಟಗೆ ಮಾಡಿ, ಕ್ಯಾಮರಾದೊಳಗೆ ಸಿಕ್ಕಿಸಿ ಮುಚ್ಚಿದೆ. ಅವನು ತೆರೆದು ನೋಡಲಿಲ್ಲ. ನಾನು ಹಾಕಿದ್ದನ್ನು ಅವನು ಯಾವತ್ತೂ ತೆರೆದು ನೋಡಿದವನಲ್ಲ.

ಮರುದಿನ ನಸುಕಿಗೆ ಜ್ವರ ಇಳಿದಿತ್ತು. ರೋಲು ತೊಳೆದು, ಹಸಿ ನೆಗೆಟಿವನ್ನು ಬೆಳಕಿಗೆ ಹಿಡಿದ. ಆಮೇಲೆ ಮಾಡದಲ್ಲಿ ಕೈಯಾಡಿಸಿದ. ಅಲ್ಲಿ ಉಳಿದ ರೋಲನ್ನು ಎತ್ತಿ ಅದರ ನಾಲಿಗೆ ನೋಡಿದ. ಮೂಲೆ ನೆಟ್ಟಗಿತ್ತು.

"ಅಕ್ಕಾ," ಎಂದ. ಧ್ವನಿಯಲ್ಲಿ ಸಿಟ್ಟು ಇರಲಿಲ್ಲ. "ನಿನ್ನಿ ರೋಲು ಯಾರು ಹಾಕಿದ್ರು?"

ಅಷ್ಟು ಹೊತ್ತಿಗೆ ನನಗೆ ತಿಳಿದಿತ್ತು. ಹೆಬ್ಬೆರಳಿಗೆ ನನಗಿಂತ ಮುಂಚೆ ತಿಳಿದಿತ್ತು. ಆದರೆ ಅಷ್ಟು ವರ್ಷ ಅವನನ್ನು ಕೈಲಾಗದವನು, ಕೈಯಲ್ಲಿ ಎಚ್ಚರವಿಲ್ಲದವನು ಎಂದು ಓಣಿಗೆಲ್ಲ ಕೇಳುವಂತೆ ಬೈದವಳು ನಾನು. ಈಗ ಎಚ್ಚರವಿಲ್ಲದ ಕೈ ನನ್ನದು ಎಂದು ಯಾವ ಬಾಯಿಂದ ಹೇಳಲಿ?

"ಯಾರು ಹಾಕ್ತಾರ? ನೀನೇ ಹಾಕಿದಿ. ಜ್ವರದಾಗ ಮೈಮ್ಯಾಲ ಖಬರ್ ಇತ್ತೇನು ನಿನಗ? ನಾ ಹಾಕ್ತೇನಂದ್ರ ಕಸ್ಕೊಂಡಿ."

"ನಾ ಹಾಕಿದ್ನಾ?"

"ಮತ್ತ? ಭೂತ ಬಂದು ಹಾಕಿತೇನು?"

ಅವನು ತನ್ನ ಬಲಗೈಯನ್ನು ಮುಖದ ಹತ್ತಿರ ತಂದುಕೊಂಡು ನೋಡಿದ. ರೊಟ್ಟಿ ನೋಡುತ್ತಿದ್ದಂತೆ, ಹಕ್ಕಿ ನೋಡುತ್ತಿದ್ದಂತೆ, ಬಹಳ ಹೊತ್ತು.

ಒಂದೇ ಫಿಲ್ಮಿನ ಮೇಲೆ ಹಕ್ಕಿಯೂ ಗೌಡರೂ ಬಿದ್ದಿದ್ದರು. ಎಲ್ಲವೂ ಮಜ್ಜಿಗೆ ಚೆಲ್ಲಿದಂತೆ ಕಲಸಿಹೋಗಿದ್ದವು. ಒಂದೇ ಒಂದು ನಿಚ್ಚಳ ಇತ್ತು. ಹಕ್ಕಿಯ ಹಿಂದಿನ ಕರಿಗಲ್ಲೂ ಗೌಡರ ಹಿಂದಿನ ಕರಿ ಕಂಬಳಿಯೂ ಒಂದಾಗಿ, ಆ ಕಪ್ಪಿನಲ್ಲಿ ಗೌಡರು ರುಮಾಲು ಸುತ್ತಿಕೊಂಡು ಕೂತಿದ್ದರು. ಅವರ ತಲೆಯ ಮೇಲೆ, ರೆಕ್ಕೆ ಅರ್ಧ ಬಿಚ್ಚಿ, ಇನ್ನೇನು ಕೂಡಬೇಕೆಂಬ ಹದದಲ್ಲಿ ಬೆಳ್ಳಗೆ ಆ ಹಕ್ಕಿ, ಈ ಒಂದು ಸಲ ಪೂರಾ. ಹನಿ ಮಾತ್ರ ಕಾಣಲಿಲ್ಲ. ಹನಿ ಇರಬೇಕಾದ ಜಾಗಕ್ಕೆ ಸರಿಯಾಗಿ ಗೌಡರ ಬಿಳಿ ರುಮಾಲು ಬಂದಿತ್ತು. ಬಿಳುಪಿನಲ್ಲಿ ಬಿಳುಪು ಕರಗಿತ್ತು.

ಮಣ್ಣಾದವರನ್ನು ಮತ್ತೆ ಕೂಡಿಸಲು ಬರುವುದಿಲ್ಲ. ಆ ಒಂದನ್ನೇ ಪ್ರಿಂಟು ಹಾಕಿ, ಹೊಡೆತ ತಿನ್ನಲು ತಯಾರಾಗಿ ಗೌಡರ ಮನೆಗೆ ಹೊರಟ. ಮೈಯಲ್ಲಿ ಶಕ್ತಿ ಇರಲಿಲ್ಲವೆಂದು ನಾನೂ ಜೊತೆಗೆ ಹೋದೆ. ಪಡಸಾಲೆ ತುಂಬ ಜನ. ಹೆಂಗಸರು ಮಾತಾಡಿಸಲು ಬಂದವರಿಗೆಲ್ಲ ಬಾಳೆಹಣ್ಣು, ಸಕ್ಕರೆ ಕೊಡುತ್ತಿದ್ದರು. ನನ್ನ ಕೈಗೂ ಒಂದು ತಟ್ಟೆ ಬಂತು.

ಗೌಡತಿ ಫೋಟೊ ನೋಡಿದಳು. ಆಮೇಲೆ ಎದೆ ಬಡಿದುಕೊಂಡಳು.

"ಹಂಸಾ! ಯಪ್ಪಾ, ಅವರ ಹಂಸಾ! ಹಾರೋದು ಕಾಣಾಕತ್ತದ ನೋಡ್ರೋ!"

ಜನ ಮುಗಿಬಿದ್ದರು. ಗೌಡರ ಜೀವ ಹಂಸವಾಗಿ ಕೈಲಾಸಕ್ಕೆ ಹೊರಟದ್ದು ಫೋಟೊದಲ್ಲಿ ಬಂದಿದೆ! ಒಬ್ಬ ಸ್ವಾಮಿಗಳು ಇಂಥದ್ದು ಪುಣ್ಯವಂತರಿಗೆ ಮಾತ್ರ ಎಂದರು. ಗೌಡರ ಕವಣೆ ಹಿಡಿಯುತ್ತಿದ್ದ ಆಳು ಬಾಗಿಲ ಹೊರಗಿಂದಲೇ ಕೈಮುಗಿದ. ಕಪ್ಪು ಟೊಪ್ಪಿಗೆಯ ಹಂಸವನ್ನು ಯಾರಾದರೂ ಕಂಡಿದ್ದಾರೆಯೇ? ಹಂಸಕ್ಕೆ ಕತ್ತರಿ ಬಾಲ ಇರುತ್ತದೆಯೇ? ಕೇಳಲು ಯಾರಿಗೆ ಬೇಕಾಗಿದೆ! ಕಣ್ಣಿನ ಮುಂದೆ ಹಿಡಿದದ್ದನ್ನು ನೋಡದೆ ಇರುವ ವಿದ್ಯೆಯಲ್ಲಿ ನಮ್ಮ ಜನ ಪಂಡಿತರು.

ತಮ್ಮ ಮುಂದೆ ಬಂದು ಕೈಮುಗಿದ.

"ಯವ್ವಾ, ಇದು ಹಂಸ ಅಲ್ರಿ. ಭೀಮಾ ಹೊಳೀದು ಹಕ್ಕಿ. ನನ್ನ ತಪ್ಪು ಆಗೇದ. ಒಂದೇ ರೋಲು ನಾ ಎಲ್ಡು ಸಲ ಹಾಕೇನಿ. ನನ್ನ ಕೈ ತಪ್ಪೇದ, ನನಗ ಬೈರಿ."

ಗೌಡರ ಹಿರಿಯ ಮಗ ಅವನ ಹೆಗಲ ಮೇಲೆ ಕೈ ಇಟ್ಟ. "ನೀವು ಹಾಕಿಲ್ರಿ. ನಿಮ್ಮ ಕೈಲಿಂದ ಹಾಕಿಸ್ಯಾರ," ಎಂದು ಬೆರಳನ್ನು ಜಂತಿಯ ಕಡೆ ಎತ್ತಿದ.

ಹಾಕಿಸಿದವಳು ಜಂತಿಯ ಮೇಲೆ ಇರಲಿಲ್ಲ. ಕಂಬಕ್ಕೆ ಒರಗಿ, ಬಾಳೆಹಣ್ಣಿನ ತಟ್ಟೆ ಹಿಡಿದು ನಿಂತಿದ್ದಳು. ತಮ್ಮ ಒಮ್ಮೆ ನನ್ನ ಕಡೆ ನೋಡಿದ. ಏನೋ ಕೇಳುವ ನೋಟ ಅಲ್ಲ. ಇವರಿಗೆ ನೀನಾದರೂ ತಿಳಿಸಿ ಹೇಳು ಎನ್ನುವ ನೋಟ. ಆಗ ಹೇಳಬೇಕಾಗಿತ್ತು. ಗೌಡತಿಯೂ ನನ್ನನ್ನೇ ನೋಡುತ್ತಿದ್ದಳು.

"ದೇವರ ಇಚ್ಛಾ ಇದ್ದಂಗ ಆಗ್ತದ್ರಿ ಯವ್ವಾ," ಎಂದೆ.

ಆಮೇಲೆ ಏನು ಕೇಳುತ್ತೀರಿ! ಆಳಂದದ ಸುತ್ತ ಸತ್ತವರಿಗೆಲ್ಲ ಸಮುದ್ರಪ್ಪನೇ ಬೇಕು. ಸಮುದ್ರಪ್ಪ ಎಂಬ ಹೆಸರನ್ನೇ ಜನ ಮರೆತರು, ಹಂಸದ ಫೋಟೊದವರು ಎಂದರು. ಚಹಾದ ಅಂಗಡಿಯವನು ಅವನಿಂದ ರೊಕ್ಕ ತೆಗೆದುಕೊಳ್ಳುವುದನ್ನು ಬಿಟ್ಟ. ಒಬ್ಬ ಮಗ ಬಂದು, "ನಮ್ಮಪ್ಪಗೂ ಹಂಸ ಬರ್ತದಲ್ರಿ?" ಎಂದು ಮುಂಗಡವಾಗಿ ಕೇಳಿದ. ಅಪ್ಪ ಇನ್ನೂ ಉಸಿರಾಡುತ್ತಿದ್ದ. ಒಬ್ಬಳು ಸೊಸೆ ತನ್ನ ಅತ್ತೆಗೆ ನವಿಲು ಬಂದರೆ ಚೆನ್ನಾಗಿರುತ್ತದೆ ಎಂದಳು. ತಮ್ಮ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದ: "ಅದು ನನ್ನ ತಪ್ಪು ಇತ್ರಿ. ತಪ್ಪು ದಿನಾ ಮಾಡಾಕ ಬರಂಗಿಲ್ಲ." ಎಂಥ ವಿನಯ ಎಂದು ಅದಕ್ಕೂ ಕೈಮುಗಿದರು.

ಆ ಬೇಸಿಗೆ ಅವನು ಮತ್ತೆ ಹೊಳೆಗೆ ಹೋಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ಹೊರಟ. ಹೊರಡುವ ಮುಂಚೆ ಕ್ಯಾಮರಾ, ರೋಲು ಎರಡನ್ನೂ ತಂದು ನನ್ನ ಮುಂದೆ ಇಟ್ಟ.

"ಅಕ್ಕಾ, ನೀನೇ ಹಾಕು. ನನಗ ನನ್ನ ಕೈ ಮ್ಯಾಲ ಭರೋಸ ಇಲ್ಲ."

ಹಾಕಿದೆ. ಏನೂ ಆಗದವಳಂತೆ ಹಾಕಿ ಕೊಟ್ಟೆ.

ಸಂಜೆಯ ಬಸ್ಸಿಗೇ ವಾಪಸು ಬಂದ. ದಿಬ್ಬ ಇದ್ದ ಜಾಗದಲ್ಲಿ ಟ್ರ್ಯಾಕ್ಟರುಗಳು ನಿಂತಿದ್ದವಂತೆ, ಉಸುಕು ತುಂಬುತ್ತ. "ಎಲ್ಲಾ ಮನೀ ಕಟ್ಟಾಕ ಹೋಗೇದ ಅಕ್ಕಾ," ಎಂದು ಕೈಕಾಲು ತೊಳೆದುಕೊಂಡು ಊಟಕ್ಕೆ ಕೂತ. ಆ ರೋಲನ್ನು ನಂತರ ಯಾರದೋ ಮಗುವಿನ ಜವಳಕ್ಕೆ ಬಳಸಿದ. ಮತ್ತೆ ಹೊಳೆಯ ಮಾತು ತೆಗೆಯಲಿಲ್ಲ. ಕೊಳವೆ ಸಿಕ್ಕಿಸಿದ ಉದ್ದನೆಯ ಲೆನ್ಸನ್ನು ಗೋಣಿಯಲ್ಲಿ ಸುತ್ತಿ ಜಂತಿಗೆ ತೂಗುಹಾಕಿದ.

ಆಮೇಲಿನ ವರ್ಷಗಳಲ್ಲಿ ಅವನು ಒಂದು ರೋಲನ್ನೂ ತಾನು ಹಾಕಲಿಲ್ಲ. ಮದುವೆ ಇರಲಿ, ಸಾವು ಇರಲಿ, ಅಡುಗೆಮನೆಯ ಬಾಗಿಲಿಗೆ ಬಂದು ಕ್ಯಾಮರಾ ಚಾಚಿ ನಿಲ್ಲುತ್ತಿದ್ದ. ನಾನು ಹಿಟ್ಟಿನ ಕೈ ತೊಳೆದುಕೊಂಡು ಹಾಕಿಕೊಡುತ್ತಿದ್ದೆ. ಪ್ರತಿ ಸಲವೂ ಆ ನಾಲಿಗೆ ನನ್ನ ಹೆಬ್ಬೆರಳ ಕೆಳಗೆ ಬರುತ್ತಿತ್ತು. ಪ್ರತಿ ಸಲವೂ ಅವನು, "ನಿನ್ನ ಕೈ ಛಲೋ ಅಕ್ಕಾ," ಎನ್ನುತ್ತಿದ್ದ. ನನ್ನನ್ನು ಹಂಗಿಸುತ್ತಿದ್ದಾನೇನೋ ಎಂದು ಒಮ್ಮೊಮ್ಮೆ ಅವನ ಮುಖ ನೋಡಿದ್ದೇನೆ. ಹಂಗಿಸುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಅದನ್ನು ನಮ್ಮ ಮನೆಯಲ್ಲಿ ನಾನೊಬ್ಬಳೇ ಕಲಿತಿದ್ದೆ.

ಕಲರ್ ಫೋಟೊ ಬಂತು, ರೋಲು ತೊಳೆಯುವ ಕೆಲಸ ಮನೆಯಿಂದ ಹೋಯಿತು. ಡಾರ್ಕ್‌ರೂಮಿನಲ್ಲಿ ಜೋಳದ ಚೀಲ ಇಟ್ಟೆವು. ಅವನು ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುತ್ತ, ಗಿರಾಕಿಗಳಿಗೆ ಗದ್ದ ಎತ್ತಿ ಎನ್ನುತ್ತ ಮುದುಕನಾದ. ಈ ಚಳಿಗಾಲದಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ಹೋದ.

ಅವನನ್ನೂ ಕೂಡಿಸಿದರು. ವಿಭೂತಿ ಬಳಿದರು, ರುಮಾಲು ಸುತ್ತಿದರು, ಎಡಗೈಯಲ್ಲಿ ಲಿಂಗ ಇಟ್ಟರು. ಬಲಗೈಯನ್ನು ತೊಡೆಯ ಮೇಲೆ ಇಟ್ಟರು. ಅವನ ನಿಯಮ ನೆನಪಿದ್ದದ್ದು ನನಗೊಬ್ಬಳಿಗೇ. ಕರಿ ಕಂಬಳಿ ನಾನೇ ತಂದುಕೊಟ್ಟೆ. ಓಣಿ ತುಂಬಿತು. ಸಮುದ್ರ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದವರೆಲ್ಲ ಹಾರ ತಂದಿದ್ದರು. ಗೌಡರ ಹಿರಿಯ ಮಗನೂ ಬಂದ. ಈಗ ಅವನೇ ಗೌಡ.

"ದೂರ ನಿಂತು ತೆಗಿಯೋ," ಎಂದು ಹೊಸ ಸ್ಟುಡಿಯೊದ ಹುಡುಗನಿಗೆ ಹೇಳಿದ. "ತಲಿ ಮ್ಯಾಲ ಜಾಗಾ ಬಿಡು. ನಮ್ಮಪ್ಪನ ಹಂಸ ಹಿಡದ ಕೈ ಇದು. ಇವರಿಗಿ ಬರದೇ ಇರ್ತದೇನು?"

ಎಲ್ಲರೂ ಅವನ ತಲೆಯ ಮೇಲಿನ ಖಾಲಿ ಕಂಬಳಿಯನ್ನು ನೋಡತೊಡಗಿದರು. ಒಬ್ಬರೂ ಅವನನ್ನು ನೋಡಲಿಲ್ಲ.

ನಾನು ಹೋಗಿ ಹುಡುಗನ ಕ್ಯಾಮರಾಕ್ಕೆ ಕೈ ಅಡ್ಡ ಹಿಡಿದೆ.

"ಅಲ್ಲಿಂದ ಬ್ಯಾಡ. ಹತ್ರ ಬಾ. ಇನ್ನಾ ಹತ್ರ. ಕುಂಡ್ರು ಇಲ್ಲಿ. ಆ ಬಲಗೈ ತೆಗಿ. ಕೈ ಒಂದೇ."

"ಅಜ್ಜೀ, ಮುಖ ಬರಂಗಿಲ್ರಿ."

"ಬ್ಯಾಡ. ಕೈ ತೆಗಿ."

"ಏ ಅವ್ವಾ, ದುಃಖದಾಗ ಏನೇನರೆ ಮಾತಾಡಬ್ಯಾಡ್ರಿ," ಎಂದ ಗೌಡ.

"ನೀ ಸುಮ್ಮ ಕೂಡು, ಕವಣಿ ಗೌಡನ ಮಗನಾ! ನಿಮ್ಮಪ್ಪನ ತಲಿ ಮ್ಯಾಲ ಕುಂತದ್ದು ಹಂಸ ಅಲ್ಲ. ಬಿಸಲಾಗ ಹೊಟ್ಟಿ ತೋಯಿಸ್ಕೊಂಡು ತತ್ತಿಗಿ ನೀರು ತಂದ ಹೊಳಿಹಕ್ಕಿ ಅದು. ಇವ ಹೇಳಿದ್ದ, ನೀವ್ಯಾರೂ ಕೇಳಲಿಲ್ಲ. ಇವನ ಕೈ ತಪ್ಪೇದ ಅಂತ ಹೇಳಿದ್ದ. ಅದೊಂದು ಸುಳ್ಳು. ಅದು ನಾ ಇವನ ಬಾಯಾಗ ಹಾಕಿದ ಸುಳ್ಳು."

ಯಾರೋ ನನ್ನ ರಟ್ಟೆ ಹಿಡಿದರು. ಕೊಡವಿಕೊಂಡು ಅವನ ಮುಂದೆ ಕೂತೆ. ಆ ಕೈಯನ್ನು ಎತ್ತಿ, ಅವನು ನೋಡುತ್ತಿದ್ದ ಹಾಗೆ, ನನ್ನ ಮುಖದ ಹತ್ತಿರ ತಂದುಕೊಂಡೆ. ಉಗುರಿನ ಸಂದಿಯಲ್ಲಿ ಡಾರ್ಕ್‌ರೂಮಿನ ಕಂದು ಕಲೆ ಇನ್ನೂ ಇತ್ತು. ನಾನು ಅದನ್ನು ಅಲ್ಲಿಯವರೆಗೆ ನೋಡಿಯೇ ಇರಲಿಲ್ಲ.

"ತಮ್ಮಾ, ರೋಲು ನೀ ಹಾಕಿರಲಿಲ್ಲ. ನಾ ಹಾಕಿದ್ದೆ. ಮೂಲಿ ಮಡಚಿದ್ದು ನನ್ನ ಹೆಬ್ಬೆರಳಿಗಿ ಹತ್ತಿತ್ತು, ನಾನೇ ನೆಟ್ಟಗ ಮಾಡಿದ್ದೆ. ನಿನ್ನ ಕೈ ಛಲೋ ಇತ್ತೋ. ನನ್ನ ಕೈ ತಪ್ಪಿತ್ತು, ನನ್ನ ಬಾಯಿ ತಪ್ಪಿತ್ತು. ತಪ್ಪಾತೋ ತಮ್ಮಾ. ನನ್ನಿಂದ ತಪ್ಪಾತು."